ಬಿಟ್ಟುಬಂದ ಊರಿನ ನೆನಪು

ಬಿಟ್ಟುಬಂದ ಊರನ್ನು ನೆನಸಿ ಅಳುವದು ವಿಶ್ವಾಸಿಗೆ ತಕ್ಕದ್ದೋ?

ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿ ಚಾಂಪಿಯನ್ ರೀಫ್ಸ್ ಎಂಬ ಕೇರಿಯುಂಟು. 2001ನೆಯ ಇಸವಿಯಲ್ಲಿ ಗಣಿಗಳು ಮುಚ್ಚಲ್ಪಟ್ಟವು. ಉಳಿದವರಲ್ಲಿ ಅನೇಕರು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಬೇರೆ ಅನೇಕರು ಊರನ್ನೇ ಬಿಟ್ಟರು. ಬಿಟ್ಟವರು ಕೂಡಿದಾಗಲೆಲ್ಲಾ ಗಣಿಯ ಕೂಗನ್ನೂ ಕ್ರಿಸ್ಮಸ್ ರಾತ್ರಿಯ ಹಾಡುಗಳನ್ನೂ 1902ರಲ್ಲಿಯೇ ಶಿವನಸಮುದ್ರದಿಂದ ಬಂದ ವಿದ್ಯುಚ್ಛಕ್ತಿಯನ್ನೂ ವರ್ಣಿಸುವರು. (ಅದು ಬಂದದ್ದು ಯಂತ್ರಗಳಿಗಾಗಿ, ಕೂಲಿಯವರ ಗುಡಿಸಲುಗಳಿಗಾಗಿ ಅಲ್ಲ.)

ಇಸ್ರಾಯೇಲ್ಯರೂ ಅಡವಿಯಲ್ಲಿ ಐಗುಪ್ತದ ಮೀನನ್ನೂ ಸವತೆಕಾಯಿಯನ್ನೂ ನೆನಸಿದರು. ತಾವು ಬಡಿದ ಇಟ್ಟಿಗೆಗಳನ್ನು ಮರೆತರು. ಮೂರು ಕಿಲೋಮೀಟರಿಗಿಂತಲೂ ಆಳದ ಆ ಗಣಿಯಲ್ಲಿ ಬಂಡೆ ಸಿಡಿದು ಸತ್ತವರುಂಟು. ಕಲ್ಲಿನ ದೂಳಿನಿಂದ ಎದೆ ಕೆಟ್ಟು, ಕೆಮ್ಮಿ ಕೆಮ್ಮಿ ಸತ್ತವರುಂಟು. ಅವರ ಮಾತು ಆ ವರ್ಣನೆಗಳಲ್ಲಿ ಅಪರೂಪ. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ನಾಲಿಗೆಗೆ ಮಾತ್ರವೋ, ನೆನಪಿಗೂ ಸಲ್ಲುವದೋ?

ಆದರೂ ಅವರನ್ನು ಗದರಿಸಲು ನನಗೆ ಬಾಯಿ ಬಾರದು. ಯೆರೂಸಲೇಮಿನ ಗೋಡೆ ಬಿದ್ದಿದೆಯೆಂದು ಕೇಳಿ ನೆಹೆಮೀಯನೂ ಕೂತುಕೊಂಡು ಅತ್ತನು. ಆದರೆ ಆ ಅಳುವಿನಲ್ಲಿಯೇ ತನ್ನ ತಂದೆಯ ಮನೆಯವರ ಪಾಪವನ್ನು ಅರಿಕೆಮಾಡಿದನು. ಬಳಿಕ ಎದ್ದು ಅಲ್ಲಿಗೆ ಹೋದನು.

ಚಾಂಪಿಯನ್ ರೀಫ್ಸಿನ ಸುತ್ತ ಸಯನೈಡ್ ದಿಬ್ಬಗಳು ಇನ್ನೂ ನಿಂತಿವೆ. ಗಾಳಿಯ ದಿನಗಳಲ್ಲಿ ಅವುಗಳ ದೂಳು ಉಳಿದವರ ಮನೆಗಳೊಳಗೆ ಬೀಳುತ್ತದೆ.