ಬಂಡಿಯಲ್ಲಿ ಜಾಗವು ಯಾರದು?

ಸಂತೆಗೆ ಹೊರಟ ಬಂಡಿಯಲ್ಲಿ ಮೊದಲು ಹತ್ತಿದವನು ಕಾಲು ಚಾಚಿ ಕೂತಿರುವದನ್ನೂ, ದಾರಿಯಲ್ಲಿ ಕೈಯೆತ್ತಿದವನನ್ನು ಕಂಡು ಅವನು ಮುಖ ತಿರುಗಿಸುವದನ್ನೂ ನೀವು ನೋಡಿದ್ದೀರಿ. ಮರುವಾರ ಅದೇ ಮನುಷ್ಯನು ತಾನು ದಾರಿಯಲ್ಲಿ ನಿಂತಾಗ, “ಸ್ವಲ್ಪ ಸರಿದರೆ ನನಗೂ ಜಾಗವಾಗುತ್ತದಲ್ಲಾ” ಅನ್ನುತ್ತಾನೆ. ಬಾಯಿ ಒಂದೇ, ನ್ಯಾಯ ಎರಡು. ಈ ಸಣ್ಣ ಸಂಗತಿಯೊಳಗೆ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಅದೇನಂದರೆ, ಅನೇಕರು ಹಣಕೊಟ್ಟು ಕೂಡಿ ಹೋಗುವ ಬಂಡಿಯಲ್ಲಿ ಒಂದು ಜಾಗವು ಯಾವಾಗ ನನ್ನದಾಗುತ್ತದೆ? ಅದನ್ನು ಇನ್ನೂ ಬಾರದ ಸ್ನೇಹಿತನಿಗಾಗಿ ಕಾದಿಡುವದು ಪ್ರೀತಿಯೋ, ಅನ್ಯಾಯವೋ?

ಇದನ್ನು ವಿಚಾರಿಸುವದಕ್ಕೆ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಕೋಲಾರ ಜಿಲ್ಲೆಯ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್. ನಿಮಗೆ ತಿಳಿದದ್ದೇ. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಅಲ್ಲಿಗೆ ರೈಲುದಾರಿ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂತು. ತಮಿಳು, ತೆಲುಗು, ಕನ್ನಡ ಸೀಮೆಗಳ ಬಡವರು ಬಂದು ಸಾಲುಮನೆಗಳಲ್ಲಿ ನೆಲೆಸಿದರು. ಭೂಮಿಯೊಳಗೆ 3 ಕಿಲೊಮೀಟರಿಗೂ ಮಿಕ್ಕ ಆಳದಿಂದ ಅವರು ಅದುರನ್ನು ಒಡೆದು ತಂದರು. ಗಿರಣಿಗಳು ಅದನ್ನು ಕುಟ್ಟಿ ಪುಡಿಮಾಡಿದವು. ಹೀಗೆ ಒಂದು ನೂರು ವರುಷಕ್ಕೂ ಹೆಚ್ಚು ನಡೆದ ಮೇಲೆ 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟವು. ಗಿರಣಿಗಳ ಸದ್ದಡಗಿತು. ಪುಡಿಮಣ್ಣಿನ ದಿಬ್ಬಗಳು ಮಾತ್ರ ಇಂದಿಗೂ ಗುಡ್ಡಗಳ ಹಾಗೆ ನಿಂತಿವೆ.

ಕೆಲಸವು ಹೋಯಿತು, ಮನೆಗಳು ಉಳಿದವು. ಮುಪ್ಪಿನ ತಂದೆತಾಯಿಗಳು ಅಲ್ಲಿದ್ದಾರೆ. ಬೆಂಗಳೂರಿನ ಬಾಡಿಗೆಯು ಕೂಲಿಗಾರನ ಕೈಗೆ ಎಟಕುವದಿಲ್ಲ. ಆದಕಾರಣ ಸಾವಿರಾರು ಜನರು ಕತ್ತಲೆ ಹರಿಯುವ ಮುಂಚೆ ಎದ್ದು, ಬುತ್ತಿ ಕಟ್ಟಿಕೊಂಡು, ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂಬ ನಿಲ್ದಾಣಗಳಲ್ಲಿ ಬಂಡಿ ಹತ್ತುತ್ತಾರೆ. 80 ಕಿಲೊಮೀಟರಿಗೂ ಮಿಕ್ಕ ದಾರಿಯನ್ನು ಕಳೆದು ಬೆಂಗಳೂರಿನಲ್ಲಿ ದುಡಿದು, ರಾತ್ರಿ ಮನೆಗೆ ಮುಟ್ಟುತ್ತಾರೆ. ಪೂರ್ವದಲ್ಲಿ ದುಡಿಯುವವರನ್ನು ಊರಿಗೆ ತಂದ ರೈಲುದಾರಿಯೇ ಈಗ ಅವರನ್ನು ದಿನಾಲೂ ಹೊರಕ್ಕೆ ಒಯ್ಯುತ್ತದೆ.

ಹೀಗೆ ಪ್ರತಿದಿನ ಜೊತೆಯಲ್ಲಿ ಹೋಗುವವರೊಳಗೆ ಸ್ನೇಹವು ಹುಟ್ಟುವದು ಸಹಜ. ಒಬ್ಬನು ತಂದ ಇಡ್ಲಿಯನ್ನು ನಾಲ್ವರು ಹಂಚಿ ತಿನ್ನುತ್ತಾರೆ. ನಿದ್ರೆಹೋದವನನ್ನು ಅವನ ನಿಲ್ದಾಣದಲ್ಲಿ ಎಬ್ಬಿಸುತ್ತಾರೆ. ತಿಂಗಳ ಕೊನೆಯಲ್ಲಿ ಒಬ್ಬರಿಗೊಬ್ಬರು ಸಾಲ ಕೊಡುತ್ತಾರೆ. ಇದು ಒಳ್ಳೇದೇ. ಆದರೆ ಇಂಥ ಬಂಡಿಗಳಲ್ಲಿ ಎಲ್ಲೆಲ್ಲಿಯೂ ಇನ್ನೊಂದು ಬಳಕೆಯುಂಟು. ಮೊದಲು ಹತ್ತಿದವನು ತಾನು ಕೂತು, ಪಕ್ಕದ ಮೂರು ಜಾಗಗಳ ಮೇಲೆ ಕರವಸ್ತ್ರವನ್ನೂ ಚೀಲವನ್ನೂ ಹಾಕುತ್ತಾನೆ. ಮುಂದಿನ ನಿಲ್ದಾಣದಲ್ಲಿ ಕೂಸನ್ನು ಎತ್ತಿಕೊಂಡ ಒಬ್ಬ ಸ್ತ್ರೀಯು ಹತ್ತಿ ಬಂದಳೆಂದು ಇಟ್ಟುಕೊಳ್ಳಿರಿ. “ಇಲ್ಲಿ ಜನ ಇದ್ದಾರೆ” ಎಂಬ ಉತ್ತರವು ಅವಳಿಗೆ ಬರುತ್ತದೆ. ಅವಳು ನೋಡುತ್ತಾಳೆ, ಜನರು ಕಾಣುವದಿಲ್ಲ, ಬಟ್ಟೆ ಕಾಣುತ್ತದೆ.

ಜಾಗ ಹಿಡಿದವನ ಮಾತನ್ನೂ ನಾವು ಕೇಳತಕ್ಕದ್ದು. “ನನ್ನ ಸ್ನೇಹಿತನು ರಾತ್ರಿಪಾಳಿ ಮಾಡಿ ದಣಿದಿದ್ದಾನೆ. ನಾನು ತಡವಾದ ದಿನ ಅವನು ನನಗಾಗಿ ಹೀಗೆಯೇ ಮಾಡಿದ್ದಾನೆ. ಉಪಕಾರಕ್ಕೆ ಪ್ರತ್ಯುಪಕಾರ ಮಾಡಬಾರದೋ?” ಎಂದು ಅವನು ಕೇಳುತ್ತಾನೆ. ಇದು ದುಷ್ಟನ ಮಾತಲ್ಲ. ಆದರೂ ಒಂದು ಸಂಗತಿಯನ್ನು ಅವನು ಮರೆತಿದ್ದಾನೆ. ತನ್ನ ಬುತ್ತಿಯಿಂದ ಸ್ನೇಹಿತನಿಗೆ ಕೊಡುವವನು ತಾನು ಅಷ್ಟು ಕಡಿಮೆ ಉಣ್ಣುತ್ತಾನೆ. ತಾನೆದ್ದು ಅವನನ್ನು ಕೂಡ್ರಿಸುವವನು ತನ್ನ ಕಾಲುಗಳಿಂದ ಅದರ ಬೆಲೆಯನ್ನು ತೆರುತ್ತಾನೆ. ಕರವಸ್ತ್ರ ಹಾಕಿದವನೋ ಏನೂ ತೆರಲಿಲ್ಲ. ಅವನ ಚೀಟಿಯು ಒಬ್ಬನಿಗೆ ಸಾಕಾದದ್ದು. ಉಳಿದ ಮೂರು ಜಾಗಗಳು ಅವನವಲ್ಲ. ಅವನ ಉಪಕಾರದ ಬೆಲೆಯನ್ನು ಕೂಸನ್ನೆತ್ತಿ ನಿಂತವಳು ತೆರುತ್ತಾಳೆ. ಪರರ ಕಣಜದಿಂದ ಅಳೆದು ಕೊಡುವದಕ್ಕೆ ದಾನವೆಂದು ಹೆಸರಿಲ್ಲ.

ಇನ್ನೊಂದನ್ನು ಗಮನಿಸಿರಿ. ಅದೇ ಗುಂಪಿನವರು ರಾತ್ರಿ ಊರಿನ ನಿಲ್ದಾಣದಲ್ಲಿ ಇಳಿದು ಮನೆಗೆ ಹೋಗಲು ಶೇರ್ ಆಟೋ ಹತ್ತುತ್ತಾರೆ. ಬಂಡಿ ತುಂಬುವ ತನಕ ಚಾಲಕನು ಹೊರಡುವದಿಲ್ಲ. ಆಗ ದೂರದಲ್ಲಿ ಒಬ್ಬ ಅಪರಿಚಿತನು ಕಂಡರೆ, “ಬನ್ನಿ, ಬನ್ನಿ, ಜಾಗ ಉಂಟು” ಎಂದು ಎಲ್ಲರೂ ಕರೆದು, ಒತ್ತಿಕೊಂಡು ಜಾಗ ಮಾಡುತ್ತಾರೆ. ಬೆಳಿಗ್ಗೆ ರೈಲಿನಲ್ಲಿ ಬೇಡವಾದವನು ರಾತ್ರಿ ಆಟೋದಲ್ಲಿ ಬೇಕಾದನು. ಯಾಕೆ? ಅಲ್ಲಿ ಅವನು ಜಾಗವನ್ನು ತೆಗೆದುಕೊಳ್ಳುವವನು, ಇಲ್ಲಿ ತನ್ನ ಪಾಲು ಕೊಟ್ಟು ಬಂಡಿಯನ್ನು ಹೊರಡಿಸುವವನು. ಹಾಗಾದರೆ ನಾವು ಮನುಷ್ಯನನ್ನು ನೋಡಿದೆವೋ, ಅವನಿಂದಾಗುವ ಲಾಭವನ್ನು ನೋಡಿದೆವೋ? ಈ ಪ್ರಶ್ನೆಯನ್ನು ಪ್ರತಿಯೊಬ್ಬನು ತನ್ನ ಹೃದಯಕ್ಕೆ ಹಾಕಿಕೊಳ್ಳಲಿ.

ಬಂಡಿಗಳೂ ಡಬ್ಬಿಗಳೂ ಹೆಚ್ಚಾದರೆ ಈ ಜಗಳವೇ ಇರದೆಂದು ಕೆಲವರು ಹೇಳುವರು. ಅದನ್ನು ಅಧಿಕಾರಿಗಳಿಂದ ಕೇಳುವದು ನ್ಯಾಯವೇ, ಕೇಳತಕ್ಕದ್ದೇ. ಆದರೆ ಇಕ್ಕಟ್ಟು ಇರುವಾಗಲೇ ಮನುಷ್ಯನ ಗುಣವು ತಿಳಿದುಬರುವದು. ತುಂಬಿದ ಕೆರೆಯ ದಂಡೆಯಲ್ಲಿ ನೀರಿಗಾಗಿ ಜಗಳವಾಡುವವರಿಲ್ಲ. ಬೇಸಿಗೆಯ ಬಾವಿಯ ಬಳಿಯಲ್ಲಿ ಯಾರು ಎಂಥವರೆಂಬದು ಗೊತ್ತಾಗುತ್ತದೆ.

ಆ ಊರಿನ ಹಿರಿಯರ ಪ್ರಯಾಣವನ್ನು ನೆನಸಿರಿ. ಅವರು ಕೇಜ್ ಎಂಬ ಕಬ್ಬಿಣದ ಪೆಟ್ಟಿಗೆಯಲ್ಲಿ ಭುಜಕ್ಕೆ ಭುಜ ತಗಲಿಸಿ ನಿಂತು ಭೂಮಿಯೊಳಕ್ಕೆ ಇಳಿಯುತ್ತಿದ್ದರು. ಆಳದಲ್ಲಿ ಬಂಡೆಯು ತಾನಾಗಿ ಸಿಡಿದು ಅನೇಕರ ಪ್ರಾಣ ಹೋದದ್ದುಂಟು. ಆ ಪೆಟ್ಟಿಗೆಯಲ್ಲಿ ಕರವಸ್ತ್ರ ಹಾಸಿ ಹಿಡಿಯುವದಕ್ಕೆ ಜಾಗವಿರಲಿಲ್ಲ. ಪಕ್ಕದಲ್ಲಿ ನಿಂತವನ ಭಾಷೆ ಬೇರೆಯಿರಬಹುದು, ಸೀಮೆ ಬೇರೆಯಿರಬಹುದು. ಕೆಳಗೆ ಬಂಡೆ ಸಿಡಿದರೆ ಕೈಹಿಡಿದು ಎಳೆಯತಕ್ಕವನು ಅವನೇ. ಅವರ ಸ್ನೇಹಕ್ಕೆ ಹೀಗೆ ಬೇಲಿಯಿರಲಿಲ್ಲ. ಅವರ ಮಕ್ಕಳು ಆ ಸ್ನೇಹವನ್ನು ಬಾಧ್ಯವಾಗಿ ಪಡೆದಿದ್ದಾರೆ. ಅದಕ್ಕೆ ಬೇಲಿ ಹಾಕದಿರುವದೇ ಅವರ ಮುಂದಿರುವ ಕೆಲಸ.

ಹಾಗಾದರೆ ಮಾಡತಕ್ಕದ್ದೇನು? ಸ್ನೇಹವನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಸ್ನೇಹಿತನು ದಣಿದಿದ್ದರೆ ನಿನ್ನ ಜಾಗವನ್ನೇ ಅವನಿಗೆ ಕೊಡು. ಇಬ್ಬರೂ ದಣಿದಿದ್ದರೆ ಮಾಲೂರಿನ ತನಕ ನೀನು ಕೂತುಕೋ, ಅಲ್ಲಿಂದ ಮುಂದೆ ಅವನು ಕೂತುಕೊಳ್ಳಲಿ. ಬರಿದಾದ ಜಾಗವನ್ನು ಮಾತ್ರ ಎದುರಿಗೆ ನಿಂತವರಿಗೆ ಬಿಟ್ಟುಕೊಡು. ಗುಂಪಿನಲ್ಲಿ ಒಬ್ಬನಾದರೂ ಮೊದಲು ತನ್ನ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರೆ, ಉಳಿದವರೂ ನಾಚಿ ಎತ್ತಿಕೊಳ್ಳುವರು.

ಪ್ರಿಯರೇ, ನಮ್ಮಲ್ಲಿ ಅನೇಕರು ಆ ರೈಲನ್ನು ಹತ್ತಿದವರಲ್ಲ. ಆದರೆ ಊರಿನ ಬಸ್ಸಿನಲ್ಲಿಯೂ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿಯೂ, ಕೊಳಾಯಿಯ ಮುಂದೆ ಇಟ್ಟ ಕೊಡಗಳಲ್ಲಿಯೂ ನಮ್ಮ ನಮ್ಮ ಕರವಸ್ತ್ರಗಳು ಹಾಸಿಕೊಂಡಿವೆ. ಅವುಗಳನ್ನು ಹುಡುಕಿ ಎತ್ತೋಣ. ನಾಳೆ ಕೈಯೆತ್ತಿ ದಾರಿಯಲ್ಲಿ ನಿಲ್ಲುವವರು ನಾವೇ ಆಗಿರಬಹುದು.