ಮನೆಯೇ ಕಛೇರಿಯಾದಾಗ ದೇಶವ್ರತ

ಶ್ರಾವಕನಿಗೆ ವಿಧಿಸಿರುವ ಹನ್ನೆರಡು ವ್ರತಗಳಲ್ಲಿ ದೇಶವ್ರತದಷ್ಟು ಸುಲಭವೆಂದು ತೋರುವುದು ಇನ್ನೊಂದಿಲ್ಲ. ದಿಗ್ವ್ರತದಲ್ಲಿ ಜೀವನಪರ್ಯಂತಕ್ಕೆ ಹಾಕಿಕೊಂಡ ದಿಕ್ಕುಗಳ ಎಲ್ಲೆಯನ್ನು ನಿಯತಕಾಲದ ಮಟ್ಟಿಗೆ ಇನ್ನಷ್ಟು ಕಿರಿದುಗೊಳಿಸಿ, ಇಷ್ಟು ಹೊತ್ತು ಈ ಎಲ್ಲೆಯಿಂದಾಚೆ ಹೋಗೆನು ಎಂದು ಸಂಕಲ್ಪಿಸುವುದೇ ಇದರ ಸ್ವರೂಪ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಮೊದಲನೆಯದಾಗಿ ಇರಿಸಿದ್ದಾರೆ. ಎಲ್ಲೆಯ ಗುರುತುಗಳನ್ನು ಹೇಳುವಾಗ ಮನೆಯಿಂದಲೇ ಆರಂಭಿಸಿ ಗ್ರಾಮ, ಹೊಲ, ನದಿ, ಕಾಡುಗಳವರೆಗೆ ಹೋಗುತ್ತಾರೆ. ಹಾಗಾದರೆ ಹೊಸ್ತಿಲು ದಾಟದೆ ದಿನವಿಡೀ ಮನೆಯಲ್ಲಿಯೇ ಕುಳಿತು ದುಡಿಯುವ ಗೃಹಸ್ಥನು ಅನಾಯಾಸವಾಗಿ ದೇಶವ್ರತಿಯೇ ಆದನಲ್ಲವೆ?

೨೦೨೦ರ ಮಾರ್ಚ್ ತಿಂಗಳ ಕೊನೆಯಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಪ್ರಶ್ನೆ ನಮ್ಮ ಮನೆಗಳೊಳಗೂ ಬಂದಿತು. ಬೆಂಗಳೂರಿನ ಗಣಕಯಂತ್ರ ಸಂಸ್ಥೆಗಳಲ್ಲಿದ್ದ ನಮ್ಮ ಮಕ್ಕಳು ಅನೇಕರು ಬೆಳಗಾವಿ, ಹುಬ್ಬಳ್ಳಿ, ಮೂಡುಬಿದಿರೆಗಳ ಹಿರಿಯರ ಮನೆಗೆ ಮರಳಿ, ಅಲ್ಲಿಂದಲೇ ಕೆಲಸ ಮಾಡಿದರು. ರೋಗ ಇಳಿದ ಮೇಲೂ ಆ ಪದ್ಧತಿ ಪೂರ್ತಿ ಹೋಗಲಿಲ್ಲ. ಇಂದಿಗೂ ಕೆಲವರು ಸಂಪೂರ್ಣವಾಗಿ, ಕೆಲವರು ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ದುಡಿಯುತ್ತಾರೆ. ಇದರಿಂದ ಆಚಾರಕ್ಕೆ ಲಾಭವಾಗಿದೆ ಎಂಬುದನ್ನು ಅಲ್ಲಗಳೆಯಲಾಗದು. ಸೋಸಿ ಕಾಯಿಸಿದ ನೀರು ಕೈಗೆಟಕುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮಾಡುವ ನಿಯಮವುಳ್ಳವರು ಕಛೇರಿಯಲ್ಲಿ ಡಬ್ಬಿ ಬಿಚ್ಚಿ ಸಹೋದ್ಯೋಗಿಗಳ ಪ್ರಶ್ನೆಗೆ ಉತ್ತರ ಹೇಳಬೇಕಾಗಿಲ್ಲ. ಬೆಳಿಗ್ಗೆ ಬಸದಿಗೆ ಹೋಗಿ ದರ್ಶನ ಮಾಡಿ ಬಂದು ಕೆಲಸಕ್ಕೆ ಕೂರಬಹುದು.

ಆದರೆ ದೇಶವ್ರತದ ಪ್ರಶ್ನೆ ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ ಮತ್ತು ಪುದ್ಗಲಕ್ಷೇಪ. ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು, ಹೊರಗಿರುವ ಆಳಿಗೆ ಹೀಗೆ ಮಾಡೆಂದು ಆಜ್ಞಾಪಿಸುವುದು, ದನಿಯನ್ನು ಎಲ್ಲೆಯಾಚೆ ಮುಟ್ಟಿಸುವುದು, ತನ್ನ ರೂಪವನ್ನು ತೋರಿಸುವುದು, ಕಲ್ಲು ಹೆಂಟೆಗಳನ್ನು ಎಸೆದು ಸನ್ನೆ ಮಾಡುವುದು. ಶಬ್ದಾನುಪಾತವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಬಹು ಸಹಜವಾದ ಉದಾಹರಣೆಯನ್ನು ಕೊಡುತ್ತಾರೆ: ಹೊರಗೆ ವ್ಯಾಪಾರದಲ್ಲಿ ತೊಡಗಿರುವ ಜನರಿಗೆ ಕೇಳುವಂತೆ ಕೆಮ್ಮುವುದು. ಯಜಮಾನನು ವ್ರತದಲ್ಲಿದ್ದಾನೆ, ಹೊಸ್ತಿಲು ದಾಟಿಲ್ಲ, ಬಾಯಿಬಿಟ್ಟು ಮಾತೂ ಆಡಿಲ್ಲ. ಒಂದು ಕೆಮ್ಮಿನಿಂದ ಅಂಗಡಿಯ ಆಳು ಎಚ್ಚತ್ತನು, ತಕ್ಕಡಿ ತೂಗಿತು.

ಇದನ್ನು ಓದಿದ ಮೇಲೆ ಇಂದಿನ ಗೃಹಸ್ಥನ ಕೋಣೆಯನ್ನು ನೋಡಬೇಕು. ಬಾಗಿಲು ಮುಚ್ಚಿದೆ, ಶರೀರ ಕುರ್ಚಿಯ ಮೇಲಿದೆ. ದನಿ ಸಮುದ್ರದಾಚೆ ಹೋಗುತ್ತಿದೆ. ರೂಪ ಹತ್ತು ಪರದೆಗಳ ಮೇಲೆ ಮೂಡುತ್ತಿದೆ. ಆಜ್ಞೆ ಇನ್ನೊಂದು ಊರಿನ ಕಿರಿಯ ನೌಕರನಿಗೆ ತಲಪುತ್ತಿದೆ. ಬೇಕಾದ ವಸ್ತು ಬಾಗಿಲಿಗೆ ಬರುತ್ತಿದೆ. ಐದು ಅತಿಚಾರಗಳಲ್ಲಿ ನಾಲ್ಕು ಒಂದೇ ಆಸನದಲ್ಲಿ ನಡೆದುಹೋದವು. ಕಲ್ಲೆಸೆಯುವ ಕೆಲಸವನ್ನು ಮೊಬೈಲಿನ ಗಂಟೆ ಮಾಡುತ್ತದೆ ಎಂದರೆ ಐದನೆಯದೂ ಸೇರಿತು. ಆಚಾರ್ಯರು ಅಳೆದದ್ದು ಶರೀರ ನಿಂತ ಸ್ಥಳವನ್ನು ಮಾತ್ರವಲ್ಲ, ನಮ್ಮ ಆರಂಭವು ಎಲ್ಲಿಯವರೆಗೆ ಕೈಚಾಚುತ್ತದೆ ಎಂಬುದನ್ನು. ಆ ಅಳತೆಯಲ್ಲಿ ಬಸ್ಸು ಹಿಡಿದು ಕಛೇರಿಗೆ ಹೋಗಿ ಸಂಜೆ ಮರಳುತ್ತಿದ್ದ ತಂದೆಗಿಂತ ಮನೆಯಲ್ಲಿಯೇ ಕುಳಿತ ಮಗನ ಕ್ಷೇತ್ರ ಬಲು ವಿಸ್ತಾರವಾದದ್ದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದೂರದ ಊರಿನ ತಾಯಿಗೆ ಕರೆಮಾಡಿ ಆರೋಗ್ಯ ವಿಚಾರಿಸಿದರೆ ಅದೂ ಶಬ್ದಾನುಪಾತವೆ? ನನ್ನ ತಿಳಿವಳಿಕೆಯಲ್ಲಿ ಪೂಜ್ಯಪಾದರ ಉದಾಹರಣೆಯ ಒತ್ತು ಹೊರಗಿನ ವ್ಯಾಪಾರವನ್ನು ನಡೆಸುವ ಅಭಿಪ್ರಾಯದ ಮೇಲಿದೆ. ವಾತ್ಸಲ್ಯದ ಮಾತನ್ನು ಅದರೊಡನೆ ಒಂದೇ ತಕ್ಕಡಿಗೆ ಹಾಕುವುದು ಕಠೋರವಾದೀತು. ಆದರೂ ಸಂಕಲ್ಪ ಮಾಡುವಾಗಲೇ ಇದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಮನೆಯೇ ಎಲ್ಲೆ ಎಂದಷ್ಟೇ ಹೇಳಿಕೊಳ್ಳದೆ, ಇಂತಿಷ್ಟು ಹೊತ್ತಿನವರೆಗೆ ನನ್ನ ದನಿಗೂ ರೂಪಕ್ಕೂ ಬರಹಕ್ಕೂ ಇದೇ ಎಲ್ಲೆ ಎಂದು ಹೇಳಿಕೊಳ್ಳಬೇಕು.

ಮನೆಯಿಂದ ದುಡಿಯುವುದು ನಮ್ಮವರಿಗೆ ಹೊಸದೇನೂ ಅಲ್ಲ. ಮುಂದೆ ಅಂಗಡಿ, ಹಿಂದೆ ಮನೆ ಎಂಬಂತೆ ಬಾಳಿದ ಕುಟುಂಬಗಳು ಎಷ್ಟೋ ಇದ್ದವು, ಈಗಲೂ ಇವೆ. ಆದರೆ ಆ ಅಂಗಡಿಗೆ ಹಲಗೆಗಳಿದ್ದವು. ಸಂಜೆ ಒಂದೊಂದಾಗಿ ಹಲಗೆ ಜೋಡಿಸಿ ಅಗುಳಿ ಹಾಕಿದರೆ ವ್ಯಾಪಾರ ಮುಗಿಯಿತೆಂದು ಗಿರಾಕಿಗೂ ತಿಳಿಯುತ್ತಿತ್ತು, ವ್ಯಾಪಾರಿಯ ಮನಸ್ಸಿಗೂ ತಿಳಿಯುತ್ತಿತ್ತು. ಬಸದಿಯ ಬಾಗಿಲಲ್ಲಿ ನಾವು ಮೂರು ಬಾರಿ ನಿಸ್ಸಹಿ ಎನ್ನುವುದು ಹೊರಗಿನ ವ್ಯಾಪಾರಗಳನ್ನು ಹೊರಗೇ ಬಿಟ್ಟೆನೆಂದು ಸಾರುವುದಕ್ಕೆ. ಲ್ಯಾಪ್‌ಟಾಪಿಗೆ ಹಲಗೆಯೂ ಇಲ್ಲ, ನಿಸ್ಸಹಿಯೂ ಇಲ್ಲ. ಊಟದ ಮಣೆಯ ಪಕ್ಕದಲ್ಲಿಯೂ ಅದು ತೆರೆದೇ ಇರುತ್ತದೆ.

ಇದರ ಫಲ ಮೊದಲು ಕಾಣುವುದು ಕಷಾಯಗಳಲ್ಲಿ. ಹಿಂದೆ ಕಛೇರಿಯಲ್ಲಿ ಮೇಲಧಿಕಾರಿಯ ಕಟುನುಡಿ ಕೇಳಿದವನು ಒಂದು ಗಂಟೆ ಬಸ್ಸಿನಲ್ಲಿ ಕುಳಿತು ಮನೆ ಸೇರುವ ಹೊತ್ತಿಗೆ ಆ ಕ್ರೋಧ ಅರ್ಧವಾದರೂ ಆರಿರುತ್ತಿತ್ತು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ಬಂಡೆ, ನೆಲ, ಧೂಳು, ನೀರು ಈ ನಾಲ್ಕರ ಮೇಲೆ ಎಳೆದ ಗೆರೆಗಳಿಗೆ ಹೋಲಿಸಿದ್ದಾರೆ. ಬಸ್ಸಿನ ಆ ಒಂದು ಗಂಟೆ ಧೂಳಿನ ಗೆರೆಯನ್ನು ನೀರಿನ ಗೆರೆಯಾಗಿಸುತ್ತಿತ್ತು. ಈಗ ಕರೆ ಮುಗಿದ ಮರುಗಳಿಗೆಯೇ ಮಗು ಬಾಗಿಲು ತಟ್ಟುತ್ತದೆ. ಬೇರೊಬ್ಬರಿಗೆ ಸಲ್ಲಬೇಕಾದ ಸಿಟ್ಟು ಅದರ ಮೇಲೆ ಬೀಳುತ್ತದೆ. ಕರೆ ಮುಗಿದ ಮೇಲೆ ಎದ್ದು, ಒಂಬತ್ತು ಬಾರಿ ಣಮೋಕಾರ ಮಂತ್ರ ಜಪಿಸಿ, ಆಮೇಲೆ ಬಾಗಿಲು ತೆರೆಯುವವರನ್ನು ಬಲ್ಲೆ. ಸಣ್ಣ ಉಪಾಯ, ಆದರೆ ಆ ಮನೆಯ ಮಗು ಬಾಗಿಲು ತಟ್ಟಲು ಹೆದರುವುದಿಲ್ಲ.

ಶ್ರಾವಿಕೆಯರ ಕಷ್ಟ ಇದಕ್ಕಿಂತ ಹೆಚ್ಚಿನದು. ಸೊಸೆ ಮನೆಯಲ್ಲಿಯೇ ಇದ್ದಾಳೆ ಎಂದಮಾತ್ರಕ್ಕೆ ಅವಳು ಬಿಡುವಾಗಿದ್ದಾಳೆಂದು ಮನೆಯವರು ಎಣಿಸುತ್ತಾರೆ. ಅತ್ತೆಯವರ ಉಪವಾಸದ ಪಾರಣೆಗೆ ಅಡಿಗೆಯೂ ಅವಳದು, ಹತ್ತು ಗಂಟೆಯ ಮೀಟಿಂಗೂ ಅವಳದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಎಂಬುದೊಂದಿದೆ. ಎತ್ತಿನ ಮೇಲೆ ಹೊರೆ ಹೆಚ್ಚಿಸಬಾರದೆಂದು ಅದನ್ನು ಪ್ರವಚನಗಳಲ್ಲಿ ಕೇಳುತ್ತೇವೆ. ಅದು ಎತ್ತಿಗೆ ಮಾತ್ರ ಎಂದು ಯಾರೂ ಹೇಳಿಲ್ಲ.

ಊರಿಂದ ದೂರ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕುಳಿತು ದುಡಿಯುವ ತರುಣರ ದುಃಖ ಬೇರೆ ತೆರನದು. ದಿನಗಟ್ಟಲೆ ಎದುರಿಗೆ ಮನುಷ್ಯರ ಮುಖ ಕಾಣದೆ ಮನಸ್ಸು ಕುಗ್ಗುತ್ತದೆ. ಅಂಥವರಿಗೆ ಏಕತ್ವಾನುಪ್ರೇಕ್ಷೆಯನ್ನು ಉಪದೇಶಿಸುವುದು ಸಲ್ಲದು. ತಾನಾಗಿ ಭಾವಿಸಿದ ಏಕತ್ವ ವೈರಾಗ್ಯವನ್ನು ಬೆಳೆಸೀತು. ಮೇಲೆ ಬಿದ್ದ ಒಂಟಿತನ ಆರ್ತಧ್ಯಾನವನ್ನೇ ಬೆಳೆಸುತ್ತದೆ. ಸಮ್ಯಗ್ದರ್ಶನದ ಅಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯಗಳನ್ನು ಎಣಿಸಿರುವಾಗ, ಅಂಥ ತರುಣನನ್ನು ಭಾನುವಾರ ಊಟಕ್ಕೆ ಕರೆಯುವುದು, ಬಸದಿಯ ಸ್ವಾಧ್ಯಾಯಕ್ಕೆ ಜೊತೆಗೆ ಕರೆದೊಯ್ಯುವುದು ಆ ಊರಿನ ಸಾಧರ್ಮಿಗಳಿಗೆ ಸೇರಿದ ಹೊಣೆ.

ಉಪವಾಸದ ದಿನಗಳ ಮಾತಿಗೆ ಬರೋಣ. ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ಪ್ರೋಷಧೋಪವಾಸವೆಂದರೆ ಆಹಾರತ್ಯಾಗ ಮಾತ್ರವಲ್ಲ, ಆರಂಭತ್ಯಾಗವೂ ಹೌದು. ಉಪವಾಸವಿದ್ದು ಮೋಹದಿಂದ ಆರಂಭದಲ್ಲಿ ತೊಡಗುವವನು ದೇಹವನ್ನು ಒಣಗಿಸಿಕೊಳ್ಳುವನೇ ಹೊರತು ಕರ್ಮವನ್ನು ಲೇಶವೂ ಕಳೆದುಕೊಳ್ಳನೆಂಬುದು ಕಾರ್ತಿಕೇಯಾನುಪ್ರೇಕ್ಷೆಯ ಅಭಿಪ್ರಾಯ. ಮನೆಯಲ್ಲಿದ್ದೇನೆಂಬ ನೆವದಿಂದ ರಜೆ ಕೇಳದೆ ನಿರಾಹಾರಿಯಾಗಿ ಒಂಬತ್ತು ಗಂಟೆ ಪರದೆಯ ಮುಂದೆ ಕುಳಿತರೆ ಅದು ಲಂಘನ. ಇನ್ನು ಕೆಲವರು ರಜೆಯನ್ನೂ ಕೇಳದೆ, ಕೆಲಸವನ್ನೂ ಮಾಡದೆ, ಪರದೆಯ ಮೇಲೆ ಇದ್ದಂತೆ ತೋರಿಸಿ ಒಳಗೆ ಸಾಮಾಯಿಕಕ್ಕೆ ಕೂರುತ್ತಾರೆ. ಮೌಸು ತಾನಾಗಿ ಅಲುಗಾಡುವಂತೆ ಮಾಡುವ ಸಲಕರಣೆಗಳೂ ಪೇಟೆಯಲ್ಲಿವೆಯಂತೆ. ಇದು ಅಚೌರ್ಯಾಣುವ್ರತಕ್ಕೆ ಹೇಳಿದ ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರಗಳೆಂಬ ಅತಿಚಾರಗಳಲ್ಲದೆ ಬೇರೇನು? ಎಂಟು ಗಂಟೆಯ ಸಂಬಳಕ್ಕೆ ಆರು ಗಂಟೆ ಅಳೆದುಕೊಡುವುದು ಸುಳ್ಳು ಸೇರು. ಎಂಟಕ್ಕೆ ಹನ್ನೆರಡು ಗಂಟೆ ಅಳೆದುಕೊಳ್ಳುವ ಸಂಸ್ಥೆಯ ಸೇರೂ ಸುಳ್ಳೇ; ಆದರೆ ಅವರ ಸುಳ್ಳಿನಿಂದ ನಮ್ಮದು ನಿಜವಾಗದು.

ಎಲ್ಲ ಪರ್ವಗಳಿಗೂ ರಜೆ ದೊರೆಯದು, ಮನೆಯ ಸಾಲದ ಕಂತು ತಪ್ಪಿಸಲಾಗದು ಎನ್ನುವುದು ಸತ್ಯ. ಆಗ ವ್ರತವನ್ನು ಯಥಾಶಕ್ತಿ ಹಿಡಿಯಬೇಕು. ತಿಂಗಳಲ್ಲಿ ಒಂದು ಚತುರ್ದಶಿಗೆ ಕಾರಣ ಹೇಳಿ ರಜೆ ಪಡೆದು ಪೂರ್ಣ ಪ್ರೋಷಧ ಮಾಡಿ, ಉಳಿದ ಮೂರು ಪರ್ವಗಳಲ್ಲಿ ಏಕಭುಕ್ತವಿದ್ದು ಎರಡು ಘಳಿಗೆಯ, ಅಂದರೆ ೪೮ ನಿಮಿಷಗಳ, ಸಾಮಾಯಿಕವನ್ನು ಅಭಂಗವಾಗಿ ನಡೆಸುವುದು, ನಾಲ್ಕೂ ಉಪವಾಸಗಳನ್ನು ಕರೆಗಳ ನಡುವೆ ಕೆಡಿಸುವುದಕ್ಕಿಂತ ಮೇಲೆಂದು ನನಗೆ ತೋರುತ್ತದೆ.

ಸಾಮಾಯಿಕಕ್ಕೆ ಸಮಂತಭದ್ರಸ್ವಾಮಿಗಳು ಕೇಳುವುದು ವಿಕ್ಷೇಪವಿಲ್ಲದ ಏಕಾಂತವನ್ನು. ಕಾಡು, ಚೈತ್ಯಾಲಯಗಳ ಜೊತೆಗೆ ಮನೆಯನ್ನೂ ಅವರು ಹೇಳಿದ್ದಾರೆ. ಮೊಬೈಲನ್ನು ಮೌನವಾಗಿಸಿ ಮಗ್ಗುಲಲ್ಲಿ ಇಟ್ಟುಕೊಳ್ಳುವುದರಿಂದ ವಿಕ್ಷೇಪ ತಪ್ಪದು. ಅದು ಬೇರೆ ಕೋಣೆಯಲ್ಲಿರಬೇಕು. ಅಮೆರಿಕದ ಸಂಸ್ಥೆಗಳಿಗೆ ದುಡಿಯುವವರದು ಇನ್ನೊಂದು ತೊಡಕು. ಅಲ್ಲಿನ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆ ನಮಗೆ ಸಂಜೆ ಆರೂವರೆ. ಸಂಧ್ಯೆಯ ಸಾಮಾಯಿಕಕ್ಕೂ ಮೊದಲ ಮೀಟಿಂಗಿಗೂ ಒಂದೇ ವೇಳೆ. ಐದು ಗಂಟೆಗೆ ಊಟ ಮುಗಿಸಿ, ಐದೂವರೆಗೆ ಆಸನದಲ್ಲಿ ಕುಳಿತು, ಆರೂಕಾಲಿಗೆ ಎದ್ದು ಕೆಲಸದ ಮೇಜಿಗೆ ಹೋಗುವ ಸಹೋದರಿಯರಿದ್ದಾರೆ. ಹಾಗೆ ಮುಂದೆ ಸರಿಸಿದ್ದು ಸಂಧ್ಯಾಕಾಲದ ಸಾಮಾಯಿಕವಾದೀತೆ ಎಂಬುದನ್ನು ತಮ್ಮ ಊರಿಗೆ ವಿಹಾರ ಬಂದ ಮುನಿಗಳಲ್ಲಿ, ಆರ್ಯಿಕೆಯರಲ್ಲಿ ವಿನಯದಿಂದ ಕೇಳಿ ತಿಳಿಯಬೇಕು. ಆ ಉತ್ತರ ದೊರೆಯುವವರೆಗೂ ಕುಳಿತುಕೊಳ್ಳುವುದನ್ನು ನಿಲ್ಲಿಸಬೇಕಾಗಿಲ್ಲ.