ಕೈ ಖಾಲಿ ಇಲ್ಲದವನನ್ನು ನೋಡಿ ನಗುವುದು

ನಮ್ಮ ತೆಲಿಗಿ, ಹರಪನಹಳ್ಳಿ ಕಡೆ ಜಾತ್ರೆಯ ರಾತ್ರಿ ಬಯಲಾಟ ಇಲ್ಲದಿದ್ದರೆ ಆರ್ಕೆಸ್ಟ್ರಾ ಇರುತ್ತದೆ. ಕೀಬೋರ್ಡ್, ಢೋಲಕ್, ಇಬ್ಬರು ಗಾಯಕರು. ಹಾಡುಗಳ ನಡುವೆ ಮಿಮಿಕ್ರಿಯವನು. ಕೆಲವು ವರ್ಷಗಳ ಹಿಂದೆ ಅಂಥದೊಂದು ರಾತ್ರಿ ಅವನು ಢೋಲಕ್‌ನವನ ಮೈಬಣ್ಣ ಹಿಡಿದು, "ಲೈಟ್ ಹಾಕ್ರಪಾ, ಢೋಲಕ್ ತಾನ ಬಡ್ಕೊಳ್ಳಾಕತ್ತೈತಿ" ಅಂದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಢೋಲಕ್‌ನವನೂ ನಕ್ಕ, ತಾಳ ಮಾತ್ರ ಬಿಡಲಿಲ್ಲ. ತಿರುಗಿ ಮಾತು ಕೊಡಲು ಅವನ ಮುಂದೆ ಮೈಕ್ ಇರಲಿಲ್ಲ, ಕೈಯೂ ಖಾಲಿ ಇರಲಿಲ್ಲ.

ಸಂಗೀತದ ನಡುವೆ ಹಾಸ್ಯವೇ ಬೇಡ ಎನ್ನುವವರ ಗುಂಪಿನವಳಲ್ಲ ನಾನು. ದೊಡ್ಡಾಟದ ಸಾರಥಿಯನ್ನು ನೋಡಿ ಬೆಳೆದವರು ಹಾಗೆ ಹೇಳಲಾರರು. ಮದ್ದಳೆ ಗುಡುಗಿ, ರಾಜ ಕುಣಿದು ನಿಂತ ಕೂಡಲೇ "ತಾವು ಯಾರು?" ಎಂದು ಕೇಳುವವನು ಅವನೇ. ರಾಜ ಗ್ರಾಂಥಿಕದಲ್ಲಿ ಬಿರುದು ಬಿಚ್ಚುತ್ತಾನೆ, ಸಾರಥಿ ಅದನ್ನು ಊರ ಮಾತಿಗೆ ಇಳಿಸಿ ಗಾಳಿ ತೆಗೆಯುತ್ತಾನೆ. ಅಲ್ಲಿ ನಗೆಗೆ ಸಿಗುವುದು ಕಿರೀಟ. ಕಿರೀಟದ ಕೆಳಗೆ ಉತ್ತರ ಕೊಡುವ ಬಾಯಿಯೂ ಇದೆ.

ವಾದಕರೇ ನಾಟಕ ಆಡಿದ್ದೂ ಉಂಟು. 1772ರಲ್ಲಿ ಹಂಗೇರಿಯ ಎಸ್ಟರ್‌ಹಾಜಾ ಅರಮನೆಯಲ್ಲಿ ಪ್ರಭು ನಿಕೋಲಸ್ ತನ್ನ ವಾದಕರನ್ನು ಹೆಂಡತಿ ಮಕ್ಕಳ ಬಳಿ ಹೋಗಲು ಬಿಡದೆ ಇಟ್ಟುಕೊಂಡಿದ್ದ. ಅವರ ಮುಖ್ಯಸ್ಥ ಹೈಡನ್ ತನ್ನ 45ನೆಯ ಸಿಂಫನಿಯ ಕೊನೆಯನ್ನು ವಿಚಿತ್ರವಾಗಿ ಬರೆದ. ಒಬ್ಬೊಬ್ಬರೇ ತಮ್ಮ ಪಾಲು ನುಡಿಸಿ, ಮುಂದಿನ ಮೇಣದಬತ್ತಿ ಆರಿಸಿ, ಎದ್ದು ಹೋಗುತ್ತಾರೆ. ಉಳಿಯುವುದು ಎರಡು ಪಿಟೀಲು. ಪ್ರಭುವಿಗೆ ಅರ್ಥವಾಗಿ ಮರುದಿನವೇ ಆಸ್ಥಾನ ಹೊರಟಿತಂತೆ. ಅವರೂ ಸಂಬಳದ ಆಳುಗಳೇ. ಆದರೆ ನಗೆ ಅವರದಾಗಿತ್ತು, ಅದು ಹೋಗಿ ತಟ್ಟಿದ್ದು ಧಣಿಯನ್ನು.

"ಅದೆಲ್ಲ ಮೊದಲೇ ಮಾತಾಡಿಕೊಂಡಿರ್ತಾರೆ, ಅವನಿಗೂ ಪೇಮೆಂಟ್ ಇರ್ತದೆ" ಎಂದಳು ಹಾಸ್ಟೆಲಿನ ಗೆಳತಿ. ಇರಬಹುದು. ಆದರೆ ಬೇಡವೆಂದರೆ ಮುಂದಿನ ಜಾತ್ರೆಗೆ ಬೇರೊಬ್ಬ ಢೋಲಕ್‌ನವನು ಬರುತ್ತಾನೆಂದು ಗೊತ್ತಿದ್ದೂ ಕೊಟ್ಟ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಒಪ್ಪಿಗೆ ಅನ್ನುವುದು? ನನ್ನ ನಗುವಿಗಂತೂ ಯಾರೂ ಪೇಮೆಂಟ್ ಕೊಟ್ಟಿರಲಿಲ್ಲ.

ಆ ರಾತ್ರಿಯ ಕೊನೆಯ ಹಾಡಿಗೆ ಮಿಮಿಕ್ರಿಯವನು ಕುಣಿಯಲು ಇಳಿದ. ಅವನು ಒಂದು ಕಾಲು ಮೇಲೆತ್ತಿದ ಹೊತ್ತಿಗೆ ಸರಿಯಾಗಿ ಢೋಲಕ್ ನಿಂತುಬಿಟ್ಟಿತು. ಕಾಲು ಗಾಳಿಯಲ್ಲೇ ಉಳಿಯಿತು, ಮೊದಲಿಗಿಂತ ದೊಡ್ಡ ನಗೆ ಎದ್ದಿತು. ಬೇಕೆಂದೇ ನಿಲ್ಲಿಸಿದನೋ, ನಿಜವಾಗಿ ಹಗ್ಗ ಸಡಿಲಾಗಿತ್ತೋ. ಅವನು ತಲೆ ತಗ್ಗಿಸಿ, ಅವಸರವಿಲ್ಲದೆ, ಹಗ್ಗ ಬಿಗಿಯುತ್ತ ಕೂತಿದ್ದ.